ಸೂರ್ಯಕಾಂತಿ ಹೊಲದಲ್ಲಿ ಎಣಿಕೆ

ಮುಂಗಾರಿನ ದಿನಗಳಲ್ಲಿ ಗುಂಡ್ಲುಪೇಟೆ, ತೆರಕಣಾಂಬಿ ಕಡೆಯ ಹೊಲಗಳು ಹಳದಿಗೆ ತಿರುಗುತ್ತವೆ. ಕೇರಳದ ಕಾರುಗಳು ರಸ್ತೆ ಬದಿಗೆ ನಿಲ್ಲುತ್ತವೆ, ಸೂರ್ಯಕಾಂತಿಯ ನಡುವೆ ಫೋಟೊ ಆಗುತ್ತದೆ. ಆ ಹೂವಿನ ಬಗ್ಗೆ, ಚೆಲುವಿಗೂ ವಿಜ್ಞಾನಕ್ಕೂ ಇರುವ ನಂಟಿನ ಬಗ್ಗೆ ನಾವು ನಂಬಿರುವುದರಲ್ಲಿ ಅರ್ಧ ಮಾತ್ರ ನಿಜ.

ನಂಬಿಕೆ: ಅರಳಿದ ಹೂವು ದಿನವಿಡೀ ಸೂರ್ಯನತ್ತ ತಿರುಗುತ್ತದೆ.

ಸತ್ಯ: ತಿರುಗುವುದು ಎಳೆಯ ಗಿಡ. ಹಗಲು ಕಾಂಡದ ಮೂಡಣ ಮಗ್ಗುಲು ಹೆಚ್ಚು ಬೆಳೆದು ತಲೆ ಪಡುವಣಕ್ಕೆ ವಾಲುತ್ತದೆ. ರಾತ್ರಿ ಇನ್ನೊಂದು ಮಗ್ಗುಲು ಬೆಳೆದು ವಾಪಸ್ಸು. ಅರಳಿದ ಮೇಲೆ ಮೂಡಣಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವ ಹೂವಿಗೆ ಜೇನುನೊಣಗಳು ಹೆಚ್ಚು ಬರುತ್ತವೆ ಎಂದು 2016ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿದರು. ಫೋಟೊ ಬೇಕಾದವರು ಬೆಳಗ್ಗೆಯೇ ಹೋಗಿ.

ನಂಬಿಕೆ: ಪ್ರತಿ ಸೂರ್ಯಕಾಂತಿಯಲ್ಲೂ ಫಿಬೊನಾಚಿ ಸಂಖ್ಯೆ ಇದೆ; ಪ್ರಕೃತಿ ಗಣಿತ ಓದಿಕೊಂಡಿದೆ.

ಸತ್ಯ: ಕಾಳುಗಳ ಸುರುಳಿಗಳನ್ನು ಎಡಕ್ಕೂ ಬಲಕ್ಕೂ ಎಣಿಸಿದರೆ ಸಾಮಾನ್ಯವಾಗಿ 34 ಮತ್ತು 55, ಇಲ್ಲವೇ 55 ಮತ್ತು 89 ಸಿಗುತ್ತವೆ. ಇವೇ ಫಿಬೊನಾಚಿ ಸಂಖ್ಯೆಗಳು: ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಇಟಲಿಯ ಫಿಬೊನಾಚಿ ಇದನ್ನು ಬರೆದದ್ದು 1202ರಲ್ಲಿ. ಅದಕ್ಕೂ ಮೊದಲೇ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನಲ್ಲಿ ಇದನ್ನು ಹೇಳಿದ್ದ. ಲಘು ಗುರು ಗೊತ್ತಿದ್ದವರು ಬೆರಳಲ್ಲೇ ಎಣಿಸಬಹುದು: ಮೂರು ಮಾತ್ರೆಯ ಗಣಕ್ಕೆ 3 ಬಗೆ, ನಾಲ್ಕಕ್ಕೆ 5, ಐದಕ್ಕೆ 8. ಹೂವಿಗೆ ಮಾತ್ರ ಛಂದಸ್ಸೂ ಗೊತ್ತಿಲ್ಲ, ಗಣಿತವೂ ಗೊತ್ತಿಲ್ಲ. ಪ್ರತಿ ಹೊಸ ಮೊಳಕೆ ಹಳೆಯವುಗಳಿಂದ ದೂರವಾಗಿ, ಜಾಗ ಇರುವಲ್ಲಿ ಹುಟ್ಟುತ್ತದೆ. ಹಿಂದಿನದಕ್ಕೂ ಅದಕ್ಕೂ ನಡುವೆ ಸುಮಾರು 137.5 ಡಿಗ್ರಿ ಕೋನ ಬೀಳುತ್ತದೆ, ಸುರುಳಿ ಅದರ ಫಲ. ಎಲ್ಲ ಹೂವೂ ಇದಕ್ಕೆ ಒಗ್ಗುವುದಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ವಿಜ್ಞಾನ ವಸ್ತುಸಂಗ್ರಹಾಲಯ ಜನರಿಂದಲೇ ಬೆಳೆಸಿ ಎಣಿಕೆ ಮಾಡಿಸಿದ 657 ತೆನೆಗಳ ಫಲಿತಾಂಶ 2016ರಲ್ಲಿ ಬಂತು: ಹೆಚ್ಚಿನವು ಫಿಬೊನಾಚಿ, ಆದರೆ ಹಾಗಲ್ಲದವೂ ಸಾಕಷ್ಟಿದ್ದವು. ನನಗೆ ಆ ಒಗ್ಗದ ತೆನೆಗಳೇ ಹೆಚ್ಚು ಇಷ್ಟ. ಬೆಳವಣಿಗೆಯ ಒಳಗುಟ್ಟು ಬಿಟ್ಟುಕೊಡುವುದು ಅವೇ.

ನಂಬಿಕೆ: ವಿಜ್ಞಾನಿಗೆ ಚೆಲುವಿನ ಗೊಡವೆ ಇಲ್ಲ. ಇದಕ್ಕೆ ಎದುರು ನಂಬಿಕೆ: ಚೆಂದದ ಸಿದ್ಧಾಂತ ನಿಜವಾಗಲೇಬೇಕು.

ಸತ್ಯ: ಎರಡೂ ಅಲ್ಲ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ರತ್ನ, ಚಿಟ್ಟೆ, ಚಿಪ್ಪುಗಳನ್ನು ಗುಡ್ಡೆಹಾಕಿದ್ದು ಷೋಕಿಗಲ್ಲ. ಆ ಬಣ್ಣಗಳೇ ಅವರಿಗೆ ಪ್ರಶ್ನೆ. ಮುಪ್ಪಿನಲ್ಲಿ ಹೂಗಳ ಬಣ್ಣದ ಬೆನ್ನುಹತ್ತಿದರು. ಆದರೆ ಚೆಲುವು ಪ್ರಶ್ನೆ ಹುಟ್ಟಿಸಬಹುದು, ಉತ್ತರಕ್ಕೆ ಸಾಕ್ಷಿ ಹೇಳಲಾರದು. ಗ್ರಹಗಳ ದಾರಿ ವೃತ್ತವೇ ಎಂದು ಎರಡು ಸಾವಿರ ವರ್ಷ ನಂಬಿದ್ದು ವೃತ್ತ ಚೆಂದ ಎಂದೇ. ಲೆಕ್ಕಕ್ಕೂ ಆಕಾಶದಲ್ಲಿ ಕಂಡದ್ದಕ್ಕೂ ನಡುವೆ ಡಿಗ್ರಿಯ ಅರವತ್ತರಲ್ಲಿ ಎಂಟು ಪಾಲಿನ ವ್ಯತ್ಯಾಸ ಬಂದದ್ದಕ್ಕೆ ಖಗೋಳಜ್ಞ ಕೆಪ್ಲರ್ ತನ್ನ ವೃತ್ತದ ಲೆಕ್ಕವನ್ನು ಬಿಟ್ಟ, 1609ರಲ್ಲಿ ದಾರಿ ದೀರ್ಘವೃತ್ತವೆಂದು ಪ್ರಕಟಿಸಿದ.

ಈ ಸಲ ತೆರಕಣಾಂಬಿ ಕಡೆ ಹೋದರೆ ಹೊಲದವರನ್ನು ಕೇಳಿ ಒಂದು ತೆನೆಯ ಮುಂದೆ ಕೂರಿ. ಒಂದು ಸುರುಳಿಗೆ ಗುರುತು ಹಾಕಿ ಎಣಿಸಿ. 55 ಬರದೆ 54 ಬಂದರೆ ಇನ್ನೊಮ್ಮೆ ಎಣಿಸಿ. ಆಗಲೂ 54 ಬಂದರೆ 54 ಎಂದೇ ಬರೆದುಕೊಳ್ಳಿ.