ಶುಶ್ರೂಷಾ ನಿರ್ಣಯ

ಶುಶ್ರೂಷಾ ನಿರ್ಣಯ ಎಂಬುದು ಆರೋಗ್ಯದ ತೊಂದರೆಗೆ ಅಥವಾ ಬದುಕಿನ ಒಂದು ಘಟ್ಟಕ್ಕೆ ವ್ಯಕ್ತಿ, ಕುಟುಂಬ ಇಲ್ಲವೇ ಸಮುದಾಯವು ಹೇಗೆ ಸ್ಪಂದಿಸುತ್ತಿದೆ ಎಂಬುದರ ಕುರಿತು ನರ್ಸ್ ತಲುಪುವ ವೃತ್ತಿಪರ ತೀರ್ಮಾನವಾಗಿದೆ. ನರ್ಸಿಂಗ್ ಡಯಾಗ್ನೋಸಿಸ್ ಎಂಬ ಹೆಸರಿನಲ್ಲಿಯೇ ಇದು ಹೆಚ್ಚು ಪರಿಚಿತ. ಸ್ಥಿತಿಯ ಪರಿಶೀಲನೆ, ನಿರ್ಣಯ, ಯೋಜನೆ, ಆರೈಕೆ, ಮೌಲ್ಯಮಾಪನ ಎಂಬ ಐದು ಹಂತಗಳ ಶುಶ್ರೂಷಾ ಪ್ರಕ್ರಿಯೆಯಲ್ಲಿ ಇದು ಎರಡನೆಯ ಹಂತ. ಉಳಿದ ಮೂರು ಹಂತಗಳು ಇದನ್ನೇ ಆಧರಿಸಿರುವುದರಿಂದ, ನಿರ್ಣಯ ತಪ್ಪಿದರೆ ಶ್ರದ್ಧೆಯಿಂದ ಮಾಡಿದ ಆರೈಕೆಯೂ ರೋಗಿಗೆ ಒದಗದೆ ಹೋಗಬಹುದು. ದಾಖಲಿಸಿದ ನಿರ್ಣಯವನ್ನು ರೋಗಿಯೊಂದಿಗೆ ತಾಳೆ ನೋಡುವವರೆಗೆ ಅದು ಒಂದು ಊಹೆ ಮಾತ್ರ.

ವೈದ್ಯಕೀಯ ನಿರ್ಣಯಕ್ಕೂ ಇದಕ್ಕೂ ಇರುವ ವ್ಯತ್ಯಾಸ

ವೈದ್ಯರ ನಿರ್ಣಯವು ರೋಗವನ್ನು ಹೆಸರಿಸುತ್ತದೆ. ನರ್ಸಿನ ನಿರ್ಣಯವು ಆ ರೋಗದಿಂದ ರೋಗಿಗೆ ಏನಾಗಿದೆ ಎಂಬುದನ್ನು ಹೆಸರಿಸುತ್ತದೆ. ನ್ಯುಮೋನಿಯಾದಿಂದ ದಾಖಲಾದ ಇಬ್ಬರ ಔಷಧಿ ಒಂದೇ ಆಗಿರಬಹುದು. ಆದರೆ ಅವರಲ್ಲಿ ವೃದ್ಧೆಯೊಬ್ಬರಿಗೆ ಕಫವನ್ನು ಕೆಮ್ಮಿ ಹೊರಹಾಕುವ ಶಕ್ತಿಯಿಲ್ಲದಿರಬಹುದು. ಚೆನ್ನಾಗಿ ಕೆಮ್ಮಬಲ್ಲ ಯುವಕನಿಗೆ ಭಯದಿಂದ ರಾತ್ರಿಯಿಡೀ ನಿದ್ರೆ ಬಾರದಿರಬಹುದು. ಇಬ್ಬರಿಗೂ ಬೇಕಾದ ಶುಶ್ರೂಷೆ ಬೇರೆಬೇರೆ. ರಕ್ತಸ್ರಾವದಂತಹ ತೊಡಕುಗಳಲ್ಲಿ ನಿಗಾ ಇಡುವುದು ನರ್ಸ್ ಆದರೂ ಚಿಕಿತ್ಸೆಗೆ ವೈದ್ಯರ ಆದೇಶ ಅಗತ್ಯ. ಇಂತಹವನ್ನು ಲಿಂಡಾ ಕಾರ್ಪೆನಿಟೊ ಅವರು ಸಹಯೋಗಿ ಸಮಸ್ಯೆಗಳೆಂದು ಪ್ರತ್ಯೇಕಿಸಿದರು.

ಇತಿಹಾಸ

ಈ ಪದವು 1950ರ ದಶಕದಿಂದಲೇ ಅಮೆರಿಕದ ಶುಶ್ರೂಷಾ ಬರಹಗಳಲ್ಲಿ ಕಾಣಿಸಿಕೊಂಡಿತಾದರೂ, ನಿರ್ಣಯ ಮಾಡುವುದು ವೈದ್ಯರ ಹಕ್ಕೆಂಬ ಭಾವನೆ ಬಲವಾಗಿತ್ತು. 1972ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾನೂನು, ಆರೋಗ್ಯ ಸಮಸ್ಯೆಗಳಿಗೆ ಮನುಷ್ಯರು ತೋರುವ ಸ್ಪಂದನೆಗಳನ್ನು ನಿರ್ಣಯಿಸುವುದು ನರ್ಸಿನ ಕೆಲಸವೆಂದು ಅಂಗೀಕರಿಸಿತು. ಮರುವರ್ಷ, 1973ರಲ್ಲಿ, ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ಗೆಬ್ಬಿ ಮತ್ತು ಮೇರಿ ಆ್ಯನ್ ಲ್ಯಾವಿನ್ ಅವರು ನಿರ್ಣಯಗಳನ್ನು ವರ್ಗೀಕರಿಸಲು ಮೊದಲ ಸಮ್ಮೇಳನ ಕರೆದರು. ಅದರಿಂದ ಬೆಳೆದ ಉತ್ತರ ಅಮೆರಿಕ ಶುಶ್ರೂಷಾ ನಿರ್ಣಯ ಸಂಘ, ಅಂದರೆ ‘ನಾಂಡಾ’, 1982ರಲ್ಲಿ ಸ್ಥಾಪನೆಯಾಯಿತು; ಮಾರ್ಜರಿ ಗಾರ್ಡನ್ ಅದರ ಮೊದಲ ಅಧ್ಯಕ್ಷೆ. ಇತರ ದೇಶಗಳ ಸದಸ್ಯರು ಹೆಚ್ಚಿದಂತೆ 2002ರಲ್ಲಿ ಸಂಘವು ನಾಂಡಾ ಇಂಟರ್‌ನ್ಯಾಷನಲ್ ಎಂಬ ಹೆಸರನ್ನು ತಳೆಯಿತು.

ನಿರ್ಣಯ ರೂಪುಗೊಳ್ಳುವ ಬಗೆ

ಮೊದಲು ಮಾಹಿತಿ ಸಂಗ್ರಹವಾಗುತ್ತದೆ. ರೋಗಿಯು ಹೇಳಿದ್ದು ಒಂದು ಬಗೆ. ನರ್ಸ್ ನೋಡಿದ, ಮುಟ್ಟಿದ, ಅಳೆದ ಸಂಗತಿಗಳು ಇನ್ನೊಂದು ಬಗೆ. ಯಾವುದೂ ಬಿಟ್ಟುಹೋಗದಂತೆ ನೋಡಿಕೊಳ್ಳಲು ಗಾರ್ಡನ್ ಅವರು ಆಹಾರ, ವಿಸರ್ಜನೆ, ಚಟುವಟಿಕೆ, ನಿದ್ರೆ, ಸಂಬಂಧಗಳು, ನಂಬಿಕೆಗಳು ಮೊದಲಾದ 11 ಆರೋಗ್ಯ ವಿನ್ಯಾಸಗಳ ಚೌಕಟ್ಟನ್ನು ರೂಪಿಸಿದರು. ಹೀಗೆ ದೊರೆತ ಸುಳಿವುಗಳಲ್ಲಿ ಒಂದಕ್ಕೊಂದು ಸಂಬಂಧಿಸಿದವನ್ನು ಒಟ್ಟುಗೂಡಿಸಲಾಗುತ್ತದೆ. ಒಂಟಿ ಸುಳಿವಿನ ಮೇಲೆ ನಿರ್ಣಯ ಕಟ್ಟುವಂತಿಲ್ಲ. ಊಟ ಬಿಟ್ಟ ರೋಗಿಗೆ ವಾಕರಿಕೆಯಿರಬಹುದು, ಹಲ್ಲಿನ ಸೆಟ್ಟು ಸಡಿಲವಾಗಿರಬಹುದು, ಅಂದು ಏಕಾದಶಿಯೂ ಇರಬಹುದು.

ಸಮಸ್ಯೆ, ಕಾರಣ, ಲಕ್ಷಣ ಎಂಬ ಮೂರು ಭಾಗಗಳಲ್ಲಿ ನಿರ್ಣಯವನ್ನು ಬರೆಯುವ ಕ್ರಮವೂ ಗಾರ್ಡನ್ ಅವರದೇ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮರುದಿನ ರೋಗಿಯೊಬ್ಬರ ನಿರ್ಣಯವನ್ನು ಹೀಗೆ ಬರೆಯಬಹುದು: ‘ಗಾಯದ ನೋವಿನ ಕಾರಣದಿಂದ ಕಫವನ್ನು ಹೊರಹಾಕಲು ಅಸಾಮರ್ಥ್ಯ; ಲಕ್ಷಣಗಳು: ದುರ್ಬಲ ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ನಿಮಿಷಕ್ಕೆ 28 ಬಾರಿ ಉಸಿರಾಟ.’ ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರಾಟ ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಇರುತ್ತದೆ. ಇಲ್ಲಿ ನಡುವಿನ ಭಾಗವೇ ಮುಖ್ಯ. ಕಾರಣವು ನೋವಾಗಿದ್ದರೆ, ವೈದ್ಯರು ಸೂಚಿಸಿದ ನೋವು ನಿವಾರಕವನ್ನು ಮೊದಲು ಕೊಟ್ಟು, ಅದು ಕೆಲಸ ಮಾಡಿದ ಮೇಲೆ ಗಾಯದ ಮೇಲೆ ದಿಂಬನ್ನು ಒತ್ತಿ ಹಿಡಿದು ಕೆಮ್ಮಲು ಕಲಿಸಬೇಕು. ನೀರು ಕಡಿಮೆಯಾಗಿ ಕಫ ಗಟ್ಟಿಯಾಗಿರುವುದೇ ಕಾರಣವಾದರೆ ದ್ರವಾಂಶದ ಕಡೆಗೆ ಗಮನ ಕೊಡಬೇಕು. ಸಮಸ್ಯೆಯ ಹೆಸರು ಸರಿಯಿದ್ದು ಕಾರಣ ತಪ್ಪಿದರೂ ರೋಗಿ ನರಳುವುದು ತಪ್ಪುವುದಿಲ್ಲ.

ಇನ್ನೂ ಸಂಭವಿಸದ ತೊಂದರೆಯ ಅಪಾಯವನ್ನು ಸೂಚಿಸುವ ನಿರ್ಣಯಗಳೂ ಇವೆ. ಅವುಗಳಲ್ಲಿ ಲಕ್ಷಣಗಳಿರುವುದಿಲ್ಲ, ಅಪಾಯದ ಅಂಶಗಳು ಮಾತ್ರ ಇರುತ್ತವೆ. ಹಾಸಿಗೆ ಹಿಡಿದವರಿಗೆ ಒತ್ತಡದ ಹುಣ್ಣಾಗುವ ಸಂಭವ ಇದಕ್ಕೆ ಪರಿಚಿತ ಉದಾಹರಣೆ. ಅದನ್ನು ಅಳೆಯುವ ಬ್ರೇಡನ್ ಮಾಪಕದಲ್ಲಿ 6ರಿಂದ 23ರವರೆಗೆ ಅಂಕಗಳಿದ್ದು, ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಆರೋಗ್ಯವನ್ನು ಉತ್ತಮಪಡಿಸಿಕೊಳ್ಳುವ ಸಿದ್ಧತೆಯನ್ನು ಹಾಗೂ ಒಟ್ಟಾಗಿ ಬರುವ ನಿರ್ಣಯಗಳ ಗುಚ್ಛವನ್ನು ಸೂಚಿಸುವ ಬಗೆಗಳೂ ನಾಂಡಾ ಪಟ್ಟಿಯಲ್ಲಿವೆ.

ರೋಗಿಯ ಬಳಿಯಲ್ಲಿ ದೃಢೀಕರಣ

ದೃಢೀಕರಣವು ಅಂಕಿಗಳಿಂದಲೇ ಆರಂಭವಾಗುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ರಕ್ತದೊತ್ತಡವು ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಸಂಶಯವಿದ್ದಲ್ಲಿ ಸರಿಯಾದ ಪಟ್ಟಿಯಿಂದ ಮತ್ತೆ ಅಳೆಯಬೇಕು. ಅನಂತರ, ಅದೇ ಸುಳಿವುಗಳಿಗೆ ಬೇರೆ ವಿವರಣೆ ಸಾಧ್ಯವೇ, ನಿರ್ಣಯಕ್ಕೆ ವಿರುದ್ಧವಾದ ಸುಳಿವುಗಳಿವೆಯೇ ಎಂದು ಪರಿಶೀಲಿಸಬೇಕು. ಮೊದಲು ಹೊಳೆದ ವಿವರಣೆಗೇ ಅಂಟಿಕೊಳ್ಳುವುದು ಅನುಭವಿಗಳಲ್ಲಿಯೂ ಕಾಣುವ ದೋಷ.

ಎಲ್ಲಕ್ಕಿಂತ ಮುಖ್ಯವಾದುದು ರೋಗಿಯನ್ನೇ ಕೇಳುವುದು. ಕಲ್ಪಿತ ಉದಾಹರಣೆಯೊಂದನ್ನು ನೋಡಬಹುದು. ರಕ್ತದೊತ್ತಡವಿರುವ ಮಹಿಳೆಯೊಬ್ಬರು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ವಾರದಲ್ಲಿ ಒಂದೇ ದಿನ ಸೇವಿಸುತ್ತಾರೆ. ಕಡತದಲ್ಲಿ ‘ಚಿಕಿತ್ಸೆಯನ್ನು ಪಾಲಿಸುತ್ತಿಲ್ಲ’ ಎಂದು ಬರೆದು, ಔಷಧಿಯ ಮಹತ್ವದ ಬಗ್ಗೆ ತಿಳಿವಳಿಕೆ ನೀಡಿ ಕಳುಹಿಸುವುದು ಸುಲಭ. ‘ಉಳಿದ ದಿನ ಯಾಕಮ್ಮ ತಗೊಳ್ಳೋದಿಲ್ಲ?’ ಎಂದು ಕೇಳಿದಾಗ ಮಾತ್ರ, ಅವರು ಎರಡು ಗಂಟೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರು, ದಾರಿಯಲ್ಲಿ ಶೌಚಾಲಯವಿಲ್ಲ, ರಜೆಯ ದಿನ ಮಾತ್ರ ಮಾತ್ರೆ ನುಂಗಬಲ್ಲರು ಎಂಬುದು ತಿಳಿಯುತ್ತದೆ. ಅವರಿಗೆ ಬೇಕಾದುದು ತಿಳಿವಳಿಕೆಯಲ್ಲ, ಮಾತ್ರೆಯ ಹೊತ್ತನ್ನು ಬದಲಿಸುವ ಬಗ್ಗೆ ವೈದ್ಯರೊಂದಿಗೆ ಮಾತುಕತೆ. ‘ಪಾಲಿಸದಿರುವಿಕೆ’ ಎಂಬ ನಿರ್ಣಯವು ರೋಗಿಯನ್ನು ದೂಷಿಸುತ್ತದೆ ಎಂಬ ಆಕ್ಷೇಪ ಬಹುಕಾಲ ಇತ್ತು. ನಾಂಡಾ ಅದನ್ನು ಮುಂದೆ ತನ್ನ ಪಟ್ಟಿಯಿಂದ ಕೈಬಿಟ್ಟಿತು.

ರೋಗಿಗೆ ಪ್ರಜ್ಞೆ ಇಲ್ಲದಿದ್ದಾಗ ಅಥವಾ ರೋಗಿಯು ಮಗುವಾಗಿದ್ದಾಗ ಮನೆಯವರ ಮಾತೇ ಆಧಾರ. ಆದರೆ ಮಾತನಾಡಬಲ್ಲ ರೋಗಿಯ ಪರವಾಗಿಯೂ ಜೊತೆಗಿರುವವರು ಉತ್ತರಿಸುವುದುಂಟು. ‘ನೋವೇನೂ ಇಲ್ಲ ಸಿಸ್ಟರ್’ ಎಂದು ಹೇಳಿದವರು ಯಾರು ಎಂಬುದನ್ನೂ ದಾಖಲಿಸುವುದು ಒಳ್ಳೆಯದು.

ನಿರ್ಣಯಗಳ ಪಟ್ಟಿಯ ಸಿಂಧುತ್ವ

ಒಬ್ಬ ರೋಗಿಯ ನಿರ್ಣಯವನ್ನು ದೃಢಪಡಿಸುವುದು ಬೇರೆ, ಪಟ್ಟಿಯಲ್ಲಿರುವ ನಿರ್ಣಯವೇ ವಾಸ್ತವದಲ್ಲಿದೆಯೇ ಎಂದು ಪರೀಕ್ಷಿಸುವುದು ಬೇರೆ. ಎರಡನೆಯದಕ್ಕೆ ರಿಚರ್ಡ್ ಫೆರಿಂಗ್ 1987ರಲ್ಲಿ ಮಂಡಿಸಿದ ವಿಧಾನಗಳು ವ್ಯಾಪಕವಾಗಿ ಬಳಕೆಯಾಗಿವೆ. ಅವುಗಳಲ್ಲೊಂದರಲ್ಲಿ, ಪ್ರತಿ ಲಕ್ಷಣವು ಆ ನಿರ್ಣಯಕ್ಕೆ ಎಷ್ಟು ಸೂಚಕವೆಂದು ಪರಿಣತ ನರ್ಸುಗಳು 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಈ ಅಂಕಗಳನ್ನು ಕ್ರಮವಾಗಿ 0, 0.25, 0.50, 0.75 ಮತ್ತು 1 ಎಂದು ಪರಿವರ್ತಿಸಿ ಸರಾಸರಿ ತೆಗೆಯಲಾಗುತ್ತದೆ. ಸರಾಸರಿ 0.80 ಅಥವಾ ಹೆಚ್ಚಿದ್ದರೆ ಅದು ಪ್ರಮುಖ ಲಕ್ಷಣ. ಅದಕ್ಕಿಂತ ಕಡಿಮೆಯಿದ್ದು 0.50ನ್ನು ಮೀರಿದರೆ ಗೌಣ ಲಕ್ಷಣ; ಉಳಿದವು ತಿರಸ್ಕೃತ. ಇನ್ನೊಂದು ವಿಧಾನದಲ್ಲಿ ಇಬ್ಬರು ಪರಿಣತರು ಅದೇ ರೋಗಿಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ತಮ್ಮ ಅವಲೋಕನಗಳನ್ನು ಹೋಲಿಸುತ್ತಾರೆ. ಮೊದಲನೆಯದು ಪರಿಣತರ ಅಭಿಪ್ರಾಯವನ್ನಷ್ಟೇ ಅಳೆಯುತ್ತದೆ. ಯಾರನ್ನು ಪರಿಣತರೆಂದು ಆರಿಸಲಾಯಿತು ಎಂಬುದರ ಮೇಲೆ ಫಲಿತಾಂಶ ನಿಂತಿರುತ್ತದೆ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತೀಯ ಶುಶ್ರೂಷಾ ಪರಿಷತ್ತಿನ ಪಠ್ಯಕ್ರಮದಲ್ಲಿ ಶುಶ್ರೂಷಾ ಪ್ರಕ್ರಿಯೆಯು ಒಂದು ಭಾಗವಾಗಿದ್ದು, ವಿದ್ಯಾರ್ಥಿಗಳು ರೋಗಿಗಳಿಗೆ ಕೇರ್ ಪ್ಲಾನ್ ಬರೆಯುವ ಅಭ್ಯಾಸ ಮಾಡುತ್ತಾರೆ. ನಿರ್ಣಯವನ್ನು ಬರೆಯುವ ಭಾಷೆ ಇಂಗ್ಲಿಷ್. ಸುಳಿವುಗಳು ಸಿಗುವುದು ಕನ್ನಡ, ತುಳು, ಉರ್ದು ಮುಂತಾದ ಭಾಷೆಗಳಲ್ಲಿ. ದೃಢೀಕರಣದ ಕಷ್ಟ ಇಲ್ಲಿ ಇಮ್ಮಡಿಯಾಗುತ್ತದೆ. ‘ಸಂಕಟ’ ಎಂದರೆ ವಾಕರಿಕೆಯೂ ಆಗಬಹುದು, ಎದೆಯ ಬಿಗಿತವೂ ಆಗಬಹುದು, ಮನಸ್ಸಿನ ದುಃಖವೂ ಆಗಬಹುದು. ‘ಗ್ಯಾಸ್ಟ್ರಿಕ್’ ಎಂಬ ಮಾತು ಇನ್ನೂ ಅಪಾಯಕಾರಿ. ಹೊಟ್ಟೆಯುಬ್ಬರದಿಂದ ಹಿಡಿದು ಎದೆನೋವಿನವರೆಗೆ ಎಲ್ಲಕ್ಕೂ ಈ ಹೆಸರು ಸಲ್ಲುತ್ತದೆ, ಹೃದಯಾಘಾತದ ನೋವಿಗೂ. ಎಲ್ಲಿ ನೋವು, ತೋಳಿಗೋ ದವಡೆಗೋ ಹಬ್ಬುತ್ತಿದೆಯೇ, ಬೆವರುತ್ತಿದೆಯೇ, ಉಸಿರು ಸಿಕ್ಕಿಕೊಳ್ಳುತ್ತಿದೆಯೇ ಎಂದು ಕೇಳಿ, ಹೃದಯದ ತೊಂದರೆಯ ಸಂಶಯ ಬಂದ ಕೂಡಲೇ ನಿರ್ಣಯದ ಪದಗಳಿಗಾಗಿ ಕಾಯದೆ ವೈದ್ಯರಿಗೆ ತಿಳಿಸುವುದು ನರ್ಸಿನ ಕರ್ತವ್ಯ.

ಟೀಕೆಗಳು

ಪಟ್ಟಿಯ ಪದಗಳು ಕೃತಕವೆಂದೂ, ಸಹೋದ್ಯೋಗಿ ವೈದ್ಯರಿಗೂ ರೋಗಿಗಳಿಗೂ ಅರ್ಥವಾಗುವುದಿಲ್ಲವೆಂದೂ ಆಕ್ಷೇಪಗಳಿವೆ. ಅಮೆರಿಕದ ಜೀವನಕ್ರಮವನ್ನು ಆಧರಿಸಿದ ಲಕ್ಷಣಗಳು ಬೇರೆಡೆ ಹೊಂದುವುದೇ ಎಂಬ ಪ್ರಶ್ನೆಯಿಂದಾಗಿ ಹಲವು ದೇಶಗಳಲ್ಲಿ ಅವುಗಳನ್ನು ಮತ್ತೆ ಪರೀಕ್ಷೆಗೆ ಒಳಪಡಿಸಲಾಗಿದೆ. ಅಂತರರಾಷ್ಟ್ರೀಯ ನರ್ಸುಗಳ ಮಂಡಳಿಯು ಆರಂಭಿಸಿದ ಪ್ರತ್ಯೇಕ ವರ್ಗೀಕರಣವೂ ಬಳಕೆಯಲ್ಲಿದೆ. ಒಬ್ಬರೇ ನರ್ಸ್ ಹತ್ತಾರು ಹಾಸಿಗೆಗಳನ್ನು ನೋಡಿಕೊಳ್ಳಬೇಕಾದ ವಾರ್ಡುಗಳಲ್ಲಿ, ನಿರ್ಣಯವನ್ನು ಪುಸ್ತಕದಿಂದ ನಕಲು ಮಾಡಿ ಕಡತ ತುಂಬುವ ಪ್ರವೃತ್ತಿಗೆ ಆಸ್ಪದವಾಗುತ್ತದೆ. ಆಗ ಮೊದಲು ಬಿಟ್ಟುಹೋಗುವ ಹಂತ ರೋಗಿಯನ್ನು ಕೇಳಿ ದೃಢಪಡಿಸಿಕೊಳ್ಳುವುದು.