ಹಲಸಿನ ಮರದ ಬೇಸ್ ಗಿಟಾರಿಗೆ ಬೆಲೆ ಕಟ್ಟಿದ್ದು ಹೇಗೆ?

ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿರುವ ಒಂದು ನಿಯಮ ಇದೆ. ಅಂತಿಮ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರುಕಟ್ಟೆ ಬೆಲೆ, ಈ ಎರಡರಲ್ಲಿ ಯಾವುದು ಕಡಿಮೆಯೋ ಆ ಬೆಲೆಗೆ ತೋರಿಸಬೇಕು. ಪರೀಕ್ಷೆಯಲ್ಲಿ ಎರಡೂ ಬೆಲೆಗಳನ್ನು ಪ್ರಶ್ನೆಪತ್ರಿಕೆಯೇ ಕೊಟ್ಟಿರುತ್ತದೆ. ಆದರೆ ಮನೆಯಲ್ಲೇ ಜೋಡಿಸಿದ, ಊರಿನಲ್ಲಿ ಅಂಥದ್ದು ಇನ್ನೊಂದು ಇಲ್ಲದ ವಸ್ತುವಿಗೆ ಮಾರುಕಟ್ಟೆ ಬೆಲೆ ಎಷ್ಟು ಎಂದು ಯಾರು ಹೇಳಬೇಕು? ಈ ವರ್ಷ ನಮ್ಮ ಮಾಮೂ ಕೈಯಾರೆ ಮಾಡಿದ ಬೇಸ್ ಗಿಟಾರನ್ನು ಮಾರಬೇಕಾಗಿ ಬಂದಾಗ ಈ ಪ್ರಶ್ನೆ ನಮ್ಮ ಮನೆಗೇ ಬಂತು. ಲೆಕ್ಕದ ಪುಸ್ತಕ ಹಿಡಿಯುವ ಕೆಲಸ ನನಗೆ ಸಿಕ್ಕಿತು.

ಮೊದಲು ಬೇಸ್ ಗಿಟಾರ್ ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಆರ್ಕೆಸ್ಟ್ರಾದಲ್ಲಿ ಹಾಡುಗಾರರ ಹಿಂದೆ ನಿಂತು ನಾಲ್ಕೇ ತಂತಿಯ ಉದ್ದ ಕತ್ತಿನ ಗಿಟಾರ್ ನುಡಿಸುವವರನ್ನು ನೀವು ನೋಡಿರುತ್ತೀರಿ. ಅದರ ಸ್ವರ ಸಾಮಾನ್ಯ ಗಿಟಾರಿನ ದಪ್ಪ ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗಿರುತ್ತದೆ. ಇರುವಾಗ ಕಿವಿಗೆ ಬೀಳುವುದಿಲ್ಲ, ನಿಲ್ಲಿಸಿದರೆ ಹಾಡು ಪೊಳ್ಳಾಗಿ ಕೇಳುತ್ತದೆ. ಮೊದಲು ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದರು. ಡಬಲ್ ಬೇಸಿನಲ್ಲಿ ಮೆಟ್ಟಿಲುಗಳಿಲ್ಲ, ಬೆರಳು ಸ್ವಲ್ಪ ಜಾರಿದರೂ ಸ್ವರ ತಪ್ಪುತ್ತದೆ. ಹೊಸ ವಾದ್ಯದಲ್ಲಿ ಲೋಹದ ಫ್ರೆಟ್‌ಗಳಿದ್ದುದರಿಂದ ಸ್ವರ ನಿಖರವಾಗಿ ಬರುತ್ತಿತ್ತು, ಹೆಸರಿಗೆ ಅದೇ ಕಾರಣ. ವಿಶೇಷವೇನೆಂದರೆ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವರು ಯೋಚಿಸಿದ್ದು ರಿಪೇರಿ ಮಾಡುವವರ ತಲೆಯಿಂದ. ಕತ್ತನ್ನು ಅಂಟು ಹಾಕಿ ಕೂರಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿದರು. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಎಪ್ಪತ್ತು ವರ್ಷಗಳ ಮೇಲೆ ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನಲ್ಲಿ ಒಬ್ಬರು ಅಂಥದ್ದನ್ನು ಜೋಡಿಸಲು ಸಾಧ್ಯವಾದದ್ದೂ ಆ ನಾಲ್ಕು ಸ್ಕ್ರೂಗಳಿಂದಲೇ.

ಮಾಮೂ ಪವರ್‌ಲೂಮ್ ಮೆಕ್ಯಾನಿಕ್. ಸ್ವಂತಕ್ಕೆ ಎರಡು ಮಗ್ಗಗಳೂ ಇವೆ. ಹುಡುಗರಾಗಿದ್ದಾಗ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದರು, ಆ ಆಸೆ ಉಳಿದುಕೊಂಡಿತ್ತು. 1951ರ ಮಾದರಿಯನ್ನು ಆರಿಸಿಕೊಂಡದ್ದು ಅದು ಸುಲಭ ಎಂದು. ಆಗಿನ ಬಾಡಿ ಒಂದು ಚಪ್ಪಟೆ ಹಲಗೆ, ಮೈಗೆ ಒರಗುವಂತೆ ಅಂಚು ಇಳಿಸುವ ಕೆತ್ತನೆ ಬಂದದ್ದು ಆಮೇಲೆ. ಅಸಲಿಗೆ ಬಳಸುತ್ತಿದ್ದುದು ಆಶ್ ಮರ. ನಮ್ಮ ಸಾಮಿಲ್‌ನಲ್ಲಿ ಆಶ್ ಎಲ್ಲಿ ಸಿಗಬೇಕು? ಮಾಮೂ ಹಲಸಿನ ಹಲಗೆ ತಂದರು. ಹಲಸಿನ ತಿರುಳು ಹುಟ್ಟಿನಿಂದಲೇ ಹಳದಿ, ವರ್ಷ ಕಳೆದಂತೆ ಕಂದು ತಿರುಗುತ್ತದೆ. ಹಳೆಯ ಪ್ರಿಸಿಷನ್ ಬೇಸಿನ ಬೆಣ್ಣೆ ಬೆಲ್ಲದ ಬಣ್ಣ, ಕರಿಯ ಪಿಕ್‌ಗಾರ್ಡ್ ನೋಡಿದವರಿಗೆ ಇದು ತಟ್ಟನೆ ಹೊಂದಿಕೊಳ್ಳುತ್ತದೆ. ಆಕಾರ ಕತ್ತರಿಸಿದ್ದು ಬಡಗಿ, ಉಳಿದದ್ದೆಲ್ಲ ಮಾಮೂ.

ಈಗ ವೆಚ್ಚದ ಲೆಕ್ಕ. ಸಿದ್ಧ ನೆಕ್ 6,500 ರೂಪಾಯಿ. ಹಲಗೆ 1,800, ಬಡಗಿಯ ಕೂಲಿ 2,000. ಪಿಕಪ್ 2,400. ಬ್ರಿಡ್ಜ್ 900, ಟ್ಯೂನರ್‌ಗಳು 1,600, ಪಿಕ್‌ಗಾರ್ಡ್ 700. ವಾಲ್ಯೂಮ್, ಟೋನ್, ಜಾಕ್, ವೈರ್ ಎಲ್ಲ ಸೇರಿ 450. ಲ್ಯಾಕರ್ ಮತ್ತು ಉಜ್ಜುಕಾಗದ 1,650, ತಂತಿ 1,500. ಒಟ್ಟು 19,500. ಇದರಲ್ಲಿ ಮಾಮೂ ಅವರ ಶ್ರಮ ಇಲ್ಲ. ಮಗ್ಗ ರಿಪೇರಿಗೆ ಹೋದರೆ ಅವರಿಗೆ ದಿನಕ್ಕೆ 800 ರೂಪಾಯಿ ಸಿಗುತ್ತದೆ, ಗಿಟಾರಿಗೆ ಹತ್ತು ದಿನದಷ್ಟು ಕೆಲಸ ಹಿಡಿದಿದೆ. ಅದನ್ನೂ ಸೇರಿಸಿದರೆ 27,500. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂದು ಓದುತ್ತೇವಲ್ಲ, ಅದು ಇದೇ.

ಆದರೆ ಕೊಳ್ಳುವವರು ನಮ್ಮ ವೆಚ್ಚವನ್ನು ನೋಡಿ ಬೆಲೆ ಕೊಡುವುದಿಲ್ಲ. ಅವರ ಕಣ್ಣು ಅಂಗಡಿಯ ಕಡೆ ಇರುತ್ತದೆ. ನಾವು ವಿಚಾರಿಸಿದಾಗ ಕಲಿಯುವವರ ಮಟ್ಟದ ಹೊಸ ಬೇಸ್ ಗಿಟಾರ್ ಬಿಲ್ಲು ಮತ್ತು ವಾರಂಟಿ ಸಮೇತ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿತ್ತು. ನಮ್ಮದಕ್ಕೆ ಎರಡೂ ಇಲ್ಲ. ಹಾಗಾಗಿ ಅಷ್ಟು ಕೇಳಲು ಆಗದು, ಅದು ಮೇಲಿನ ಗೆರೆ. ಕೆಳಗಿನ ಗೆರೆಯನ್ನು ನಾನು ಹುಡುಕಿದ್ದು ಬೇರೆ ರೀತಿಯಲ್ಲಿ. ನೆಕ್, ಪಿಕಪ್, ಟ್ಯೂನರ್ ಎಲ್ಲ ಬಿಚ್ಚಿ ಬಿಡಿಯಾಗಿ ಮಾರಿದರೆ ಏಳು ಸಾವಿರದಷ್ಟು ಬರುತ್ತಿತ್ತು. ಹಲಸಿನ ಬಾಡಿಯನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಏಳಕ್ಕೂ ಇಪ್ಪತ್ತಕ್ಕೂ ನಡುವೆ ಎಲ್ಲೋ ಒಂದು ಕಡೆ ನಮ್ಮ ಬೆಲೆ ಇತ್ತು. ಕೈಗೆ ಬೇಕಾಗಿದ್ದದ್ದು 22,000. ಒಂದು ಮಗ್ಗದ ಮೋಟಾರು ಸುಟ್ಟಿತ್ತು, ಜಕಾರ್ಡ್ ಕೂಡ ಕೆಲಸ ಕೇಳುತ್ತಿತ್ತು. ಮಗ್ಗ ನಿಂತ ಪ್ರತಿ ದಿನವೂ ನಷ್ಟವೇ.

ಹೀಗಿರುವಾಗ ‘ವಿಂಟೇಜ್’ ಎಂಬ ಒಂದು ಪದ ಅಡ್ಡ ಬಂತು.

ಲಿಯೋ ಫೆಂಡರ್ ತಮ್ಮ ಕಂಪನಿಯನ್ನು 1965ರಲ್ಲಿ ಸಿಬಿಎಸ್ ಎಂಬ ದೊಡ್ಡ ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದರು. ಅದಕ್ಕೆ ಮುಂಚೆ ತಯಾರಾದ ವಾದ್ಯಗಳೇ ಉತ್ತಮ ಎಂಬ ನಂಬಿಕೆ ಬೆಳೆದು, ಇವತ್ತು ಅವುಗಳಿಗೆ ಸಂಗ್ರಹಕಾರರು ಭಾರೀ ಬೆಲೆ ಕೊಡುತ್ತಾರೆ. ಅವು ವಿಂಟೇಜ್. ಹೊಸದಾಗಿ ಮಾಡಿ ಹಳೆಯ ರೂಪ ಕೊಟ್ಟದ್ದು ವಿಂಟೇಜ್ ಶೈಲಿ. ಬೇಕೆಂದೇ ಬಣ್ಣ ಕೆರೆದು, ಲೋಹಕ್ಕೆ ತುಕ್ಕು ಹಿಡಿಸಿ ಮಾರುವ ಇನ್ನೊಂದು ಬಗೆಯೂ ಇದೆ, ಅದನ್ನು ರೆಲಿಕ್ ಎನ್ನುತ್ತಾರೆ. ಕಂಪನಿಗಳೇ ಮಾಡಿ, ಹಾಗೆಂದು ಹೇಳಿಯೇ ಮಾರುತ್ತವೆ. ಮೂರನ್ನೂ ದೂರದಿಂದ ನೋಡಿದರೆ ಒಂದೇ ಥರ. ವ್ಯತ್ಯಾಸ ಇರುವುದು ಮಾರುವವನ ಮಾತಿನಲ್ಲಿ.

ನೋಡಲು ಬಂದ ಒಬ್ಬರು ನುಡಿಸಿ, ತಿರುಗಿಸಿ ನೋಡಿ, “ಸಾಬ್ರೇ, ತಲೆ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ ಕೊಡಿ, ಮೂವತ್ತು ಕೊಡ್ತೀನಿ” ಎಂದರು. ತಲೆ ಎಂದರೆ ಟ್ಯೂನರ್‌ಗಳಿರುವ ಹೆಡ್‌ಸ್ಟಾಕ್, ಕಂಪನಿಯ ಹೆಸರು ಬರೆಯುವ ಜಾಗ. ಮೂವತ್ತು ಸಾವಿರ! ಮೋಟಾರು, ಜಕಾರ್ಡ್ ಎರಡೂ ಮುಗಿದು ಎಂಟು ಸಾವಿರ ಉಳಿಯುತ್ತಿತ್ತು. ನನ್ನ ತಲೆಯಲ್ಲಿ ಈ ಲೆಕ್ಕ ಮುಗಿಯುವುದರೊಳಗೆ ಮಾಮೂ “ನಾನು ಮಾಡಿದ್ದಕ್ಕೆ ಬೇರೆಯವರ ಹೆಸರು ಯಾಕೆ ಸ್ವಾಮಿ?” ಎಂದು ಗಿಟಾರನ್ನು ಚೀಲಕ್ಕೆ ಹಾಕಿದ್ದರು.

ಆಮೇಲೆ ಓದಿ ನೋಡಿದರೆ ಕಾನೂನಿನಲ್ಲೂ ಆಕಾರ ಬೇರೆ, ಹೆಸರು ಬೇರೆ. ಫೆಂಡರ್ ಕಂಪನಿ ತನ್ನ ಮೂರು ವಾದ್ಯಗಳ ಬಾಡಿ ಆಕಾರವನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಅರ್ಜಿ ಹಾಕಿತ್ತು, ಪ್ರಿಸಿಷನ್ ಬೇಸ್ ಅವುಗಳಲ್ಲಿ ಒಂದು. ಇತರ ತಯಾರಕರು ತಕರಾರು ಎತ್ತಿದರು. 2009ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ, ಈ ಆಕಾರಗಳನ್ನು ವರ್ಷಗಳಿಂದ ಎಷ್ಟೋ ಜನ ಮಾಡುತ್ತಿದ್ದಾರೆ, ಆಕಾರ ನೋಡಿದ ಮಾತ್ರಕ್ಕೆ ಒಂದೇ ಕಂಪನಿ ನೆನಪಿಗೆ ಬರುವುದಿಲ್ಲ ಎಂದು ಅರ್ಜಿಯನ್ನು ತಿರಸ್ಕರಿಸಿತು. ಹೆಸರಿನ ಮಾತು ಹಾಗಲ್ಲ. ನಮ್ಮ ದೇಶದ ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ 103ನೇ ಸೆಕ್ಷನ್ ಪ್ರಕಾರ ಸುಳ್ಳು ಗುರುತು ಹಾಕಿದರೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷದವರೆಗೆ ದಂಡ. ಎರಡು ಇಂಚಿನ ಸ್ಟಿಕ್ಕರಿನ ತೂಕ ಇಷ್ಟು.

ಇದು ಅಮೆರಿಕದ ವಾದ್ಯಗಳಿಗೆ ಮಾತ್ರ ಬರುವ ಪ್ರಶ್ನೆ ಅಂದುಕೊಳ್ಳಬೇಡಿ. ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ತಯಾರಿಕೆಗೆ ಹೆಸರಾದ ಊರು. ಪೆನ್ನ ಓಬಳಯ್ಯನವರ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ವೀಣೆಗೂ ಬೇಕಾದದ್ದು ಹಲಸಿನ ಮರವೇ. ಕುಡ, ದಂಡಿ, ತಲೆ ಮೂರೂ ಒಂದೇ ಕೊರಡಿನಿಂದ ಬಂದರೆ ಅದು ಏಕಾಂಡ ವೀಣೆ, ಬೇರೆ ಬೇರೆ ತುಂಡು ಜೋಡಿಸಿದ್ದಕ್ಕಿಂತ ಬೆಲೆ ಹೆಚ್ಚು. ಪಾಲಿಶ್ ಆದ ಮೇಲೆ ಬೆಸುಗೆ ಎಲ್ಲಿದೆ ಎಂದು ಹೊಸಬರಿಗೆ ಹೇಗೆ ತಿಳಿಯಬೇಕು? ಅಲ್ಲಿಯೂ ಕೊಳ್ಳುವವರು ಹಣ ಕೊಡುವುದು ಅರ್ಧ ಮರಕ್ಕೆ, ಅರ್ಧ ಮಾತಿಗೆ. ಊರಿನ ಹೆಸರಿಗೂ ಬೆಲೆ ಇದೆ: ತಂಜಾವೂರು ವೀಣೆಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಆದ್ದರಿಂದ ಬೇರೆ ಊರಿನ ವೀಣೆಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. (ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ, ಕಿವಿಯಿಂದ ಸ್ವರ ಕೇಳುತ್ತಾ ಕೂರಿಸುತ್ತಾರೆ. ಫ್ರೆಟ್ ಹೊಡೆದು ಬಂದ ನೆಕ್ ಕೊಂಡ ನಮ್ಮ ಕೆಲಸ ಅದರ ಮುಂದೆ ಏನೂ ಅಲ್ಲ ಎಂದು ಮಾಮೂ ಅವರೇ ಹೇಳುತ್ತಾರೆ.)

ಸರಕು ಮಾರಾಟ ಕಾಯ್ದೆ, 1930ರಲ್ಲಿ ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬ ತತ್ವ ಇದೆ, 16ನೇ ಸೆಕ್ಷನ್. ಅದರ ಹಿಂದಿನ 15ನೇ ಸೆಕ್ಷನ್ನನ್ನು ಯಾರೂ ನೆನಪಿಡುವುದಿಲ್ಲ. ವರ್ಣನೆ ಹೇಳಿ ಮಾರಿದರೆ ವಸ್ತು ಆ ವರ್ಣನೆಗೆ ತಕ್ಕಂತೆ ಇರಲೇಬೇಕು ಎನ್ನುತ್ತದೆ ಅದು. ‘ವಿಂಟೇಜ್’ ಎಂದು ಹೇಳಿ ‘ವಿಂಟೇಜ್ ಶೈಲಿ’ ಕೊಟ್ಟರೆ ವರ್ಣನೆ ತಪ್ಪಿತು. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ‘ಐಬ್’ ಎಂಬ ಮಾತಿದೆ, ವಸ್ತುವಿನ ಕುಂದು. ಮುಚ್ಚಿಟ್ಟ ಐಬ್ ಆಮೇಲೆ ಕಂಡರೆ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗೆ ಉಂಟು. ವಾದ್ಯಗಳ ವಿಷಯದಲ್ಲಿ ನಮ್ಮ ಮನೆಯಲ್ಲಿ ಎಲ್ಲರದ್ದೂ ಒಂದೇ ಅಭಿಪ್ರಾಯ ಅಲ್ಲ, ಆ ಚರ್ಚೆ ಇಲ್ಲಿ ಬೇಡ. ಐಬ್ ಹೇಳಿ ಮಾರಬೇಕು ಎಂಬುದರಲ್ಲಿ ಮಾತ್ರ ಅಮ್ಮಿ, ಮಾಮೂ ಇಬ್ಬರೂ ಒಂದೇ ಪಕ್ಷ.

ನಮ್ಮ ಗಿಟಾರಿಗೆ ಐಬ್ ಇತ್ತು. 1951ರ ಮಾದರಿಯ ಪಿಕಪ್ಪಿನಲ್ಲಿ ಒಂದೇ ಸುರುಳಿ. ಅದು ತಂತಿಯ ಕಂಪನದ ಜೊತೆಗೆ ಸುತ್ತಲಿನ ವಿದ್ಯುತ್ತಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಫೆಂಡರ್ ಕಂಪನಿಯೇ 1957ರಲ್ಲಿ ಸುರುಳಿಯನ್ನು ಎರಡು ಭಾಗ ಮಾಡಿ, ಒಂದರ ಗುಂಯ್ ಇನ್ನೊಂದನ್ನು ಅಳಿಸುವಂತೆ ಬದಲಾಯಿಸಿತು. ಹಳೆಯ ಮಾದರಿಗೆ ನಿಷ್ಠೆ ತೋರಿಸಿದ ಮಾಮೂಗೆ ಹಳೆಯ ಗುಂಯ್ ಕೂಡ ಬಂತು. ಮಗ್ಗದ ಬೀದಿಯಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ ಎನ್ನುವುದು ಬೇರೆ ಮಾತು!

ನಾನು ಒಂದು ಹಾಳೆ ಬರೆದೆ. ಮನೆಯಲ್ಲಿ ಜೋಡಿಸಿದ್ದು, 1951ರ ಶೈಲಿ, ಯಾವ ಕಂಪನಿಯದ್ದೂ ಅಲ್ಲ. ಬಾಡಿ ಹಲಸು, ತೂಕ 5 ಕಿಲೋ, ಹೆಗಲಿಗೆ ಭಾರ. ನೆಕ್ ಕೊಂಡು ತಂದದ್ದು, ಒಳಗಿನ ಉಕ್ಕಿನ ಕಡ್ಡಿ ತಿರುಗಿಸಿ ಬಾಗು ಸರಿ ಮಾಡಬಹುದು. ಪಿಕಪ್ ಗುಂಯ್ ಎನ್ನುತ್ತದೆ. ಹಿಂಭಾಗದಲ್ಲಿ ಲ್ಯಾಕರ್ ಒಂದು ಕಡೆ ಗುಳ್ಳೆ ಎದ್ದಿದೆ. ಬೆಲೆ 18,000. ಇಷ್ಟೆಲ್ಲ ಬರೆದರೆ ಯಾರು ಕೊಳ್ಳುತ್ತಾರೆ ಎಂದು ಗೆಳೆಯರು ನಕ್ಕರು. ಆದರೆ ಈ ಹಾಳೆ ಓದಿ ಬಂದವರು ಅನಾವಶ್ಯಕ ಪ್ರಶ್ನೆ ಕೇಳಲಿಲ್ಲ, ಐಬ್ ತೋರಿಸಿ ಬೆಲೆ ಇಳಿಸುವ ಆಟವೂ ನಡೆಯಲಿಲ್ಲ, ಏಕೆಂದರೆ ಅದನ್ನು ನಾವೇ ಹೇಳಿ ಆಗಿತ್ತು.

ಮಾರುವ ಸಮಯವೂ ಮುಖ್ಯ. ಗಣೇಶ ಹಬ್ಬದಿಂದ ರಾಜ್ಯೋತ್ಸವದವರೆಗೆ ಆರ್ಕೆಸ್ಟ್ರಾದವರಿಗೆ ಬಿಡುವಿಲ್ಲ, ಹಬ್ಬಕ್ಕೆ ಮುಂಚಿನ ವಾರಗಳಲ್ಲೇ ಅವರು ವಾದ್ಯ ಹುಡುಕುತ್ತಾರೆ. ಹೊಸಕೋಟೆ ಕಡೆಯ ಆರ್ಕೆಸ್ಟ್ರಾ ಕಲಾವಿದರೊಬ್ಬರು ತಮ್ಮ ಆಂಪ್ಲಿಫೈಯರ್ ಹೊತ್ತು ಬಂದು, ಮುಕ್ಕಾಲು ಗಂಟೆ ನುಡಿಸಿ, ಟೋನ್ ಸ್ವಲ್ಪ ಇಳಿಸಿದರೆ ಗುಂಯ್ ಅಡಗುತ್ತದೆ ಎಂದು ಅವರೇ ನಮಗೆ ತೋರಿಸಿಕೊಟ್ಟರು. 15,500ಕ್ಕೆ ಮಾತು ಮುಗಿಯಿತು. ಸಾಮಾನಿನ ಲೆಕ್ಕದಲ್ಲೇ 4,000 ನಷ್ಟ, ಶ್ರಮ ಸೇರಿಸಿದರೆ 12,000. ಮೋಟಾರಿಗೆ ಹಣ ಹೊಂದಿತು. ಜಕಾರ್ಡಿಗೆ ಬೇಕಿದ್ದ ಉಳಿದ 6,500 ರೂಪಾಯಿಯನ್ನು ಮಾಮೂ ಕೈಸಾಲ ತಂದರು.

ರಸೀದಿ ಬರೆದದ್ದು ನಾನು, ಸಹಿ ಮಾತ್ರ ಮಾಮೂ ಅವರದ್ದು. ನನಗೆ ಹದಿನೇಳು. ಭಾರತೀಯ ಕರಾರು ಕಾಯ್ದೆ, 1872ರ 11ನೇ ಸೆಕ್ಷನ್ ಪ್ರಕಾರ ಅಪ್ರಾಪ್ತ ವಯಸ್ಕರಿಗೆ ಕರಾರು ಮಾಡುವ ಅರ್ಹತೆ ಇಲ್ಲ, ಮಾಡಿದರೂ ಅದು ಶೂನ್ಯ ಎಂದು 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿದೆ. ರಸೀದಿಯಲ್ಲಿ ತಾರೀಖು, ಮೊತ್ತ, ‘ಮನೆಯಲ್ಲಿ ಜೋಡಿಸಿದ, 1951ರ ಶೈಲಿಯ ಬೇಸ್ ಗಿಟಾರ್’ ಎಂಬ ವರ್ಣನೆ ಇತ್ತು. ಐಬ್‌ಗಳ ಹಾಳೆಯನ್ನೂ ಅದಕ್ಕೆ ಪಿನ್ ಮಾಡಿ, ಎರಡರ ಮೇಲೂ ಕೊಂಡವರ ಸಹಿ ಹಾಕಿಸಿಕೊಂಡೆವು. ಅವರು ಹೊರಡುವಾಗ ತಲೆಯ ಮೇಲಿನ ಖಾಲಿ ಜಾಗ ತೋರಿಸಿ, “ಇಲ್ಲಿ ನಿಮ್ಮ ಹೆಸರೇ ಬರೆದುಕೊಡಿ ಸಾಬ್ರೇ” ಎಂದರು. ಮಾಮೂ ಮಾರ್ಕರ್ ಹುಡುಕಿ, ಕನ್ನಡದಲ್ಲೋ ಉರ್ದುವಿನಲ್ಲೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಕೊನೆಗೆ ‘ದೊಡ್ಡಬಳ್ಳಾಪುರ’ ಎಂದು ಮಾತ್ರ ಬರೆದುಕೊಟ್ಟರು.