ಹೊಳೆಯ ಯಾವ ದಡದಲ್ಲಿ ಓದಬೇಕು?

ಆಂಧ್ರದ ಕರ್ನೂಲು ಜಿಲ್ಲೆಯ ನಂದವರಂ ಮಂಡಲದ ಮಕ್ಕಳು ಕಾಲೇಜಿನ ತಯಾರಿ ಯಾವಾಗ ಶುರು ಮಾಡಬೇಕು ಅಂತ ಕೇಳಿದರೆ, ಇಂಟರ್ ಎರಡನೇ ವರ್ಷ, ಪ್ರವೇಶ ಪರೀಕ್ಷೆ ಇಎಪಿಸೆಟ್, ಆಮೇಲೆ ಕೌನ್ಸೆಲಿಂಗ್ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಇಲ್ಲಿನ ಕನ್ನಡ ಮನೆಗಳ ಮಟ್ಟಿಗಂತೂ ನಿಜವಾದ ತಿರುವು ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲೇ ಇದೆ. ಹದಿನೈದು ವರ್ಷದ ಮಗು ಮುಂದೆ ತುಂಗಭದ್ರೆಯ ಯಾವ ಕಡೆ ಓದುತ್ತದೆ ಅನ್ನುವುದು ಆಗ ಗಟ್ಟಿಯಾಗುತ್ತದೆ. ಅದರ ಬೆಲೆ ಗೊತ್ತಾಗುವುದು ಮಾತ್ರ ಎರಡು ವರ್ಷದ ನಂತರ, ಸೀಟು ಹಂಚುವ ಹೊತ್ತಿಗೆ.

1953ರ ಅಕ್ಟೋಬರ್ 1ರವರೆಗೆ ಈ ಸೀಮೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯವು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಮೂರೂ ಆಂಧ್ರಕ್ಕೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು. ಗೆರೆ ಬಿದ್ದರೂ ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ. ಸಿರುಗುಪ್ಪ, ಮಾನ್ವಿ, ರಾಯಚೂರು ಕಡೆಯಿಂದ ಸೊಸೆಯರು ಈಗಲೂ ಬರುತ್ತಾರೆ. ಹಾಗಾಗಿ ಹತ್ತನೇ ತರಗತಿ ಪಾಸಾದ ಕೂಡಲೇ "ಸೋದರಮಾವನ ಮನೆಯಲ್ಲಿ ಇದ್ದು ಪಿಯುಸಿ ಓದಲಿ, ಕನ್ನಡವೂ ಉಳಿಯುತ್ತೆ" ಅನ್ನುವ ಮಾತು ಮನೆಯಲ್ಲಿ ಸಹಜವಾಗಿ ಏಳುತ್ತದೆ. ಆಸೆ ಒಳ್ಳೆಯದೇ. ಆದರೆ ಲೆಕ್ಕ ಹಾಕದೆ ಕಳಿಸಬಾರದು.

ಆಂಧ್ರದ ಕಡೆ ಸಂವಿಧಾನದ 371-ಡಿ ವಿಧಿ ಇದೆ. ಅದರಡಿ 1974ರಲ್ಲಿ ಬಂದ ರಾಷ್ಟ್ರಪತಿ ಆದೇಶದಂತೆ ಪ್ರವೇಶದಲ್ಲಿ ನೂರಕ್ಕೆ 85 ಸೀಟು ಸ್ಥಳೀಯರಿಗೆ. ಕರ್ನೂಲು ಜಿಲ್ಲೆ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಪ್ರದೇಶಕ್ಕೆ ಸೇರಿದೆ. ಆ ಪ್ರದೇಶದೊಳಗೆ ಅರ್ಹತಾ ಪರೀಕ್ಷೆ ಬರೆಯುವ ವರ್ಷವೂ ಸೇರಿ ಸತತ ನಾಲ್ಕು ವರ್ಷ ಓದಿದವರು ಸ್ಥಳೀಯರು. ಹತ್ತು ಮುಗಿಸಿ ಎರಡು ವರ್ಷ ರಾಯಚೂರಿನಲ್ಲಿ ಓದಿದ ಹುಡುಗಿಗೆ ಆ ಸರಪಳಿ ಕಡಿಯುತ್ತದೆ. ಊರು ನಂದವರಂ, ರೇಷನ್ ಕಾರ್ಡ್ ನಂದವರಂನದು, ಹೊಲವೂ ಅಲ್ಲೇ. ಆದರೂ ಕೌನ್ಸೆಲಿಂಗ್‌ನಲ್ಲಿ ಅವಳು ಉಳಿದ 15ರಲ್ಲಿ ನಿಲ್ಲಬೇಕಾಗುತ್ತದೆ.

ಹೋಗಲಿ, ಕರ್ನಾಟಕದಲ್ಲಾದರೂ ಸೀಟು ಸಿಗುತ್ತದೆಯೇ? ಅಲ್ಲಿನ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಸಾಮಾನ್ಯ ಅರ್ಹತೆ ಎಂದರೆ ಒಂದರಿಂದ ಹನ್ನೆರಡರವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದ ಶಾಲೆಯಲ್ಲಿ ಓದಿರಬೇಕು. ಎರಡು ವರ್ಷದ ಪಿಯುಸಿ ಅದಕ್ಕೆ ಸಾಲದು. ರಾಯಚೂರು, ಬಳ್ಳಾರಿ ಇರುವ ಕಲ್ಯಾಣ ಕರ್ನಾಟಕದಲ್ಲಿ ಇದರ ಮೇಲೆ 371-ಜೆ ಬೇರೆ ಇದೆ. ಆ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಅಲ್ಲಿನ ಸ್ಥಳೀಯರಿಗೇ. ಎರಡು ವಿಧಿಗಳೂ ಹಿಂದುಳಿದ ಸೀಮೆಯ ಮಕ್ಕಳನ್ನು ಕಾಪಾಡಲೆಂದೇ ಬಂದವು, ಅವುಗಳ ಬಗ್ಗೆ ನನಗೆ ಗೌರವವಿದೆ. ಎರಡರ ಸಂದಿಯಲ್ಲಿ ಸಿಕ್ಕಿಕೊಳ್ಳುವ ಮಗುವೂ ಅಷ್ಟೇ ಹಿಂದುಳಿದ ಸೀಮೆಯದು ಅನ್ನುವುದು ಮಾತ್ರ ಯಾರಿಗೂ ಹೊಳೆದಂತಿಲ್ಲ.

ಇಲ್ಲಿ ಒಂದು ದಾರಿ ಇದೆ, ಅದನ್ನು ಗಡಿಯ ಪ್ರತಿಯೊಂದು ಮನೆಯೂ ತಿಳಿದಿರಬೇಕು. ಮಗು ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ, ತಂದೆ ಅಥವಾ ತಾಯಿ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಸಿಇಟಿಗೆ ಅರ್ಹತೆ ಬರುತ್ತದೆ. ಸಿರುಗುಪ್ಪದಿಂದ ಸೊಸೆಯಾಗಿ ಬಂದ ತಾಯಿ ಅಲ್ಲಿ ಏಳನೇ ತರಗತಿವರೆಗೆ ಓದಿದ್ದರೆ ಆ ಓದಿಗೆ ಈಗ ಒಂದು ಸೀಟಿನ ತೂಕವಿದೆ. ಅದಕ್ಕೆ ತವರೂರಿನ ಶಾಲೆಗೆ ಹೋಗಿ ದಾಖಲಾತಿ ಪುಸ್ತಕ ತೆಗೆಸಬೇಕು, ತಾಯಿಯ ಮದುವೆ ಮುಂಚಿನ ಹೆಸರು, ತಂದೆಯ ಹೆಸರು, ಸೇರಿದ ಮತ್ತು ಬಿಟ್ಟ ವರ್ಷ ಸರಿಯಾಗಿ ಬರೆಸಿ ವ್ಯಾಸಂಗ ಪ್ರಮಾಣಪತ್ರ ಪಡೆಯಬೇಕು. ಮದುವೆಯ ನಂತರ ಆಧಾರ್‌ನಲ್ಲಿ ಹೆಸರು ಬದಲಾಗಿದ್ದರೆ ಎರಡೂ ಒಬ್ಬರೇ ಎಂದು ತೋರಿಸುವ ಕಾಗದವೂ ಬೇಕಾಗುತ್ತದೆ. ತಾಯಿಯ ಓದನ್ನು ಲೆಕ್ಕಕ್ಕೇ ಹಿಡಿಯದ ಮನೆಗಳು ನಮ್ಮಲ್ಲಿ ಬಹಳ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನಿಯಮಾವಳಿ ಪ್ರತಿ ವರ್ಷ ಹೊಸದಾಗಿ ಪ್ರಕಟವಾಗುತ್ತದೆ, ಮಗುವನ್ನು ಕಳಿಸುವ ಮುಂಚೆ ಆ ವರ್ಷದ್ದನ್ನು ಓದಿಸಿ ನೋಡಿ.

ಗಡಿನಾಡ ಕನ್ನಡಿಗರಿಗೆಂದೇ ಸಿಇಟಿಯಲ್ಲಿ ಬೇರೆ ಕಲಂ ಇದೆ. ಅದರಲ್ಲಿ ಕೇರಳದ ಕಾಸರಗೋಡು, ಮಂಜೇಶ್ವರ, ಹೊಸದುರ್ಗ, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಹೆಸರಿವೆ. ಆದವಾನಿ, ಆಲೂರು, ರಾಯದುರ್ಗ, ಮಡಕಶಿರಾ ಇಲ್ಲ. ಇವುಗಳಲ್ಲಿ ಮೊದಲ ಮೂರು ಬಳ್ಳಾರಿ ಜಿಲ್ಲೆಯಿಂದಲೇ ಬೇರ್ಪಟ್ಟವು, ಈ ನೆಲದ ಮಕ್ಕಳಿಗೆ ಕರ್ನಾಟಕ ಇಷ್ಟನ್ನು ಕೊಡಬೇಕು. ಅದಕ್ಕೆ ಹಣ ಬೇಡ, ಆ ಪಟ್ಟಿಯಲ್ಲಿ ನಾಲ್ಕು ಹೆಸರು ಸೇರಿದರೆ ಸಾಕು.

ಜಾತಿ ಪ್ರಮಾಣಪತ್ರದ ಸಂಗತಿ ಇನ್ನೂ ಕಠಿಣ. ಈ ಸೀಮೆಯಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಬೋಯ ಸಮುದಾಯ ಇಲ್ಲಿ ಹಿಂದುಳಿದ ವರ್ಗಗಳ ಬಿಸಿ-ಎ ಗುಂಪಿನಲ್ಲಿದೆ. ಹೊಳೆ ದಾಟಿದರೆ ಅದೇ ಬಂಧುಗಳು ವಾಲ್ಮೀಕಿ ನಾಯಕರು, ಪರಿಶಿಷ್ಟ ಪಂಗಡ. ರಾಯಲಸೀಮೆಯ ಬೋಯರನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಆಂಧ್ರ ವಿಧಾನಸಭೆ 2023ರ ಮಾರ್ಚ್‌ನಲ್ಲಿ ನಿರ್ಣಯ ಮಾಡಿ ಕೇಂದ್ರಕ್ಕೆ ಕಳಿಸಿದೆ. ಸೋದರಮಾವನ ಮಗನಿಗೆ ಸಿಗುವ ಮೀಸಲಾತಿ ತನಗೂ ಸಿಗುತ್ತದೆಂದು ನಂಬಿ ಅರ್ಜಿ ಹಾಕುವ ಹುಡುಗನಿಗೆ ಇದನ್ನು ಮೊದಲೇ ಹೇಳಬೇಕು.

ಇವೆಲ್ಲ ತೀರ್ಮಾನವಾಗಬೇಕಾದ ಹೊತ್ತಿಗೆ ಅಪ್ಪ ಅಮ್ಮ ಎಷ್ಟೋ ಸಲ ಊರಲ್ಲೇ ಇರುವುದಿಲ್ಲ. ನಂದವರಂ, ಕೋಸಿಗಿ, ಮಂತ್ರಾಲಯ, ಎಮ್ಮಿಗನೂರು ಕಡೆಯ ಕೂಲಿ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಸುಗ್ಗಿಗೆ ಹೋಗುತ್ತವೆ. ಸಂಕ್ರಾಂತಿ ಆಸುಪಾಸಿಗೆ ಹೊರಟವರು ಮರಳುವುದು ಬೇಸಿಗೆಯಲ್ಲಿ. ಮಕ್ಕಳ ಪರೀಕ್ಷೆ ಮಾರ್ಚ್‌ನಲ್ಲಿ, ಫಲಿತಾಂಶ ಏಪ್ರಿಲ್‌ನಲ್ಲಿ. ಅಜ್ಜಿಯ ಜತೆ ಉಳಿದ ಮಗು ಆಧಾರ್‌ಗೆ ಬರುವ ಒಟಿಪಿಗಾಗಿ ಗುಂಟೂರಿನ ಹೊಲದಲ್ಲಿರುವ ಅಪ್ಪನ ಫೋನಿಗೆ ಕಾಯುತ್ತದೆ. ಆದಾಯ, ಜಾತಿ ಪತ್ರಗಳನ್ನು ಗ್ರಾಮ ಸಚಿವಾಲಯದಲ್ಲಿ ಡಿಸೆಂಬರ್‌ನಲ್ಲೇ, ಹೊರಡುವ ಮುಂಚೆಯೇ ಮಾಡಿಸಿಟ್ಟರೆ ಈ ಪರದಾಟ ಇರುವುದಿಲ್ಲ. ಆರರಿಂದ ಹತ್ತರವರೆಗಿನ ಸ್ಟಡಿ ಸರ್ಟಿಫಿಕೇಟ್ ಸಹ ಆಗಲೇ ತೆಗೆದಿಡಿ. ಅರ್ಜಿ ತುಂಬುವಾಗ ಊರಿನ ಹೆಸರಿನ ಜೊತೆ ಮಂಡಲ, ಜಿಲ್ಲೆಯನ್ನೂ ನೋಡಿಕೊಳ್ಳಿ. ಬನಗಾನಪಲ್ಲಿ ಬಳಿ ಚೌಡೇಶ್ವರಿಯ ನಂದವರಂ ಇನ್ನೊಂದಿದೆ, ಅದು ಈಗ ನಂದ್ಯಾಲ ಜಿಲ್ಲೆಯಲ್ಲಿದೆ.

ಹತ್ತನೇ ತರಗತಿಯ ಅಂಕದ ಮೇಲೇ ಸಿಗುವ ಒಂದು ಬಾಗಿಲನ್ನು ಇಲ್ಲಿನ ಸರ್ಕಾರಿ ಶಾಲೆಯ ಜಾಣ ಮಕ್ಕಳು ಬಿಡಬಾರದು. ಅದು ರಾಜೀವ್ ಗಾಂಧಿ ಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ, ಜನರ ಬಾಯಲ್ಲಿ ಟ್ರಿಪಲ್ ಐಟಿ. ಇಡುಪುಲಪಾಯ, ನೂಜಿವೀಡು, ಒಂಗೋಲು, ಶ್ರೀಕಾಕುಳಂಗಳಲ್ಲಿ ಆರು ವರ್ಷದ ಓದು, ಎಂಜಿನಿಯರಿಂಗ್ ಪದವಿ. ಹಳ್ಳಿಯ ಮಕ್ಕಳಿಗಾಗಿ 2008ರಲ್ಲಿ ಶುರುವಾದದ್ದು. ವಸತಿಯಿಲ್ಲದ ಸರ್ಕಾರಿ ಶಾಲೆಯವರಿಗೆ ಅಂಕದಲ್ಲಿ ಹೆಚ್ಚುವರಿ ಪ್ರೋತ್ಸಾಹವೂ ಇದೆ.

ಪ್ರವೇಶ ಪರೀಕ್ಷೆಯ ಭಾಷೆ ನೋಡಿ. ಇಎಪಿಸೆಟ್ ಎಂಜಿನಿಯರಿಂಗ್ ವಿಭಾಗದಲ್ಲಿ ಮೂರು ಗಂಟೆಗೆ 160 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ, ರ‍್ಯಾಂಕ್‌ನಲ್ಲಿ ಇಂಟರ್ ಅಂಕಕ್ಕೆ ನೂರಕ್ಕೆ 25ರ ಪಾಲು. ಪ್ರಶ್ನೆ ಕನ್ನಡದಲ್ಲಿ ಬರುವುದಿಲ್ಲ. ನೀಟ್ ಕನ್ನಡದಲ್ಲೂ ಇದೆ, ಆದರೆ ಆ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಕೇಂದ್ರ ಆರಿಸುವಾಗ ಅವಕಾಶವಿದ್ದರೆ ರಾಯಚೂರನ್ನೋ ಬಳ್ಳಾರಿಯನ್ನೋ ಹಾಕಿಕೊಳ್ಳಬೇಕು. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿಯ 13 ಭಾಷೆಗಳಲ್ಲಿ ಕನ್ನಡವೂ ಒಂದು. ಅದರ ಅಂಕದಿಂದ ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಹೋಗಬಹುದು, ಅನಂತಪುರದ ಆಂಧ್ರದ್ದಕ್ಕೂ ಹೋಗಬಹುದು. ಯಾವ ದಡದಲ್ಲಿ ಓದಿದೆ ಅಂತ ಅಲ್ಲಿ ಕೇಳುವುದಿಲ್ಲ. ಇಷ್ಟು ಸಲೀಸಾದ ದಾರಿ ನಮ್ಮ ಶಾಲೆಗಳ ನೋಟಿಸ್ ಬೋರ್ಡಿನಲ್ಲಿ ಕಾಣುವುದೇ ಅಪರೂಪ.

ಮೊದಲ ವರ್ಷ ಕಷ್ಟ ಕೊಡುವುದು ಪಾಠಕ್ಕಿಂತ ಹೆಚ್ಚಾಗಿ ಮಾತು. ಆಂಧ್ರದ ಪದವಿ ಕಾಲೇಜುಗಳು 2021-22ರಿಂದ ಪೂರ್ತಿ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿವೆ. ಕರ್ನೂಲಿನ ಹಾಸ್ಟೆಲ್ಲಿನಲ್ಲಿ ಗೆಳೆತನ ತೆಲುಗಿನಲ್ಲಿ, ನೋಟ್ಸ್ ಇಂಗ್ಲಿಷಿನಲ್ಲಿ, ಮನೆಗೆ ಫೋನು ಕನ್ನಡದಲ್ಲಿ. ತೆಲುಗು ಆಡಬಲ್ಲ ನಮ್ಮ ಮಕ್ಕಳಲ್ಲಿ ಕೆಲವರಿಗೆ ಓದಿ ಬರೆಯುವಷ್ಟು ಬರುವುದಿಲ್ಲ. ರಜೆಯ ಎರಡು ತಿಂಗಳು ದಿನಕ್ಕೊಂದು ಪುಟ ಇಂಗ್ಲಿಷ್ ವಿಜ್ಞಾನ ಪುಸ್ತಕ ಗಟ್ಟಿಯಾಗಿ ಓದಿ, ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡರೆ ಮೊದಲ ಸೆಮಿಸ್ಟರ್ ಹಗುರಾಗುತ್ತದೆ. ತರಗತಿಯಲ್ಲಿ ಅರ್ಥವಾಗದ್ದನ್ನು ಆ ವಾರವೇ ಮೇಷ್ಟ್ರನ್ನು ಕೇಳಬೇಕು. ಊರಿನಿಂದ ಮೊದಲು ಹೋದ ಅಕ್ಕಂದಿರ, ಅಣ್ಣಂದಿರ ಫೋನ್ ನಂಬರು ಜೂನ್‌ನಲ್ಲೇ ಕೈಯಲ್ಲಿರಲಿ. ಶುಲ್ಕ ಮರುಪಾವತಿಯ ಪರಿಶೀಲನೆ, ಹಾಸ್ಟೆಲ್ ಅರ್ಜಿಯ ಕೊನೆಯ ದಿನ ಯಾವುದೆಂದು ಸೂಚನಾ ಫಲಕ ಹತ್ತುವ ಮುಂಚೆ ತಿಳಿಯುವುದು ಅವರಿಂದಲೇ.